ಪಾಯಿಂಟು ಹಳೇ ಕಂಪನೀದು

ನಮ್ಮ ಬಡಾವಣೆಯ ಸೂಪರ್‌ಮಾರ್ಕೆಟ್ ಮುಂದೆ ಹೋದ ವಾರ ಮತ್ತೆ ಬೂದುಗುಂಬಳಕಾಯಿ ಒಡೆದರು. ಲೆಕ್ಕ ಇಟ್ಟಿದ್ದೇನೆ, ಇದು ಮೂರನೆಯದು. ಅದೇ ಕಟ್ಟಡ, ಅದೇ ಶಟರ್, ದೃಷ್ಟಿ ಮಾತ್ರ ಹೊಸದು. ಹಸಿರು ಬೋರ್ಡು ಇಳಿದು ಕೆಂಪು ಬೋರ್ಡು ಏರಿತು. ಕಾನೂನು ಹೇಳಿದಂತೆ ಅದರಲ್ಲಿ ಶೇ. 60 ಕನ್ನಡ ಇದೆ, ಸುಳ್ಳು ಹೇಳಬಾರದು. ಒಳಗೆ ಹೋದರೆ ನಮ್ಮ ತೊಗರಿಬೇಳೆ ಮಾತ್ರ ಇನ್ನೂ ‘ಅರ್ಹರ್ ದಾಲ್’. ಮೊದಲು ಸಕ್ಕರೆ ಇದ್ದ ಕಡೆ ಈಗ ಸೋಪು ಇದೆ. ಹೊಸ ಆಡಳಿತ ಅಂದರೆ ಇದೇ ಇರಬೇಕು.

ಹೆಸರು ಬದಲಾಗೋದು ತುಮಕೂರಿಗೆ ಹೊಸದಲ್ಲ ಬಿಡಿ. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರೇ ಬದಲಾಯಿತು. ಬಸ್ಸಿನವರು ಇನ್ನೂ ‘ತುಮ್ಕೂರ್ ತುಮ್ಕೂರ್’ ಅಂತಲೇ ಕೂಗುತ್ತಾರೆ. ಅದೇ ತಿಂಗಳು ಬಿಗ್ ಬಜಾರ್‌ನ ಒಡೆಯರಾದ ಫ್ಯೂಚರ್ ಗ್ರೂಪ್, 1905ರಿಂದ ಬಂದ ನೀಲಗಿರೀಸ್ ಸೂಪರ್‌ಮಾರ್ಕೆಟ್‌ಗಳನ್ನು ಕೊಳ್ಳುತ್ತೇವೆ ಅಂತ ಘೋಷಿಸಿತು. ಹೀಗೆ ಕೊಂಡವರ ಬಿಗ್ ಬಜಾರ್ ಅಂಗಡಿಗಳು 2022ರಲ್ಲಿ ಬಾಡಿಗೆ ಬಾಕಿಯ ಗಲಾಟೆಯಲ್ಲಿ ರಿಲಯನ್ಸ್ ಕೈಗೆ ಹೋದವು. ನಮ್ಮ ಬೀದಿಯಲ್ಲಿ ಬಾಡಿಗೆ ಕಟ್ಟದಿದ್ದರೆ ಓನರಮ್ಮ ಪಾತ್ರೆ ಪಗಡ ಹೊರಗಿಡುತ್ತಾರೆ. ದೊಡ್ಡವರ ಲೋಕದಲ್ಲಿ ಪಾತ್ರೆ ಒಳಗೇ ಇರುತ್ತೆ, ಬಾಗಿಲ ಮೇಲಿನ ಹೆಸರು ಹೊರಗೆ ಬರುತ್ತೆ.

ಇದೆಲ್ಲ ಅವರವರ ವ್ಯವಹಾರ. ನನ್ನದು 640 ಪಾಯಿಂಟಿನ ವ್ಯವಹಾರ.

ಸಾಮಾನು ಕೊಂಡಾಗೆಲ್ಲ ಅಂಗಡಿಯವರು ನಮ್ಮ ಲೆಕ್ಕಕ್ಕೆ ಹಾಕುವ ಪಾಯಿಂಟು ಅವು. ಎರಡು ವರ್ಷ ಎಣ್ಣೆ, ಬೆಲ್ಲ, ಬೇಡದ ಓಟ್ಸ್ ಎಲ್ಲ ತಂದು ಕೂಡಿಸಿದ್ದೆ. ಬಿಲ್ಲಿನ ಹುಡುಗನೂ ಹಳಬನೇ. ಅಂಗಿಯ ಬಣ್ಣ ಮಾತ್ರ ಕೆಂಪಾಗಿದೆ.

“ನಂಬರ್ ಹೇಳಿ ಸಾರ್.”

ಐದು ಅಂಕಿ ಹೇಳೋದರಲ್ಲಿ ಪರದೆಯ ಮೇಲೆ ನನ್ನ ಹೆಸರು ಬಂತು. ಅರೆ, ನಿನ್ನೆ ಹುಟ್ಟಿದ ಕಂಪನಿಗೆ ನಾನು ಗೊತ್ತು! ಖುಷಿಯಾಯಿತು.

“ಹಾಗಾದರೆ ನನ್ನ ಪಾಯಿಂಟು?”

“ಅದು ಹಳೇ ಕಂಪನೀದು ಸಾರ್. ಅವರನ್ನೇ ಕೇಳಬೇಕು.”

“ಅವರೆಲ್ಲಿದ್ದಾರಪ್ಪ?”

ಹುಡುಗ ಮೇಲೆ ಫ್ಯಾನ್ ಕಡೆ ನೋಡಿದ. ಸ್ವರ್ಗಸ್ಥರಾದವರ ವಿಳಾಸ ಕೇಳಿದ ಹಾಗಾಯಿತು.

ಅಂದರೆ ನನ್ನ ಮೊಬೈಲ್ ನಂಬರ್ ಕಂಪನಿಯ ಆಸ್ತಿ, ಕೈ ಬದಲಾಗುತ್ತೆ. ನನ್ನ ಪಾಯಿಂಟು ಕಂಪನಿಯ ಸಾಲ, ಅದು ಬದಲಾಗಲ್ಲ. ಸರಿ ತಾನೆ? ಮಂಡಿಪೇಟೆಯ ದಿನಸಿ ಶೆಟ್ಟರಿಗೆ ಈ ಜಾಣತನ ಗೊತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಮಗ ಗಲ್ಲಾ ಮೇಲೆ ಕೂತ. ಮೊದಲ ದಿನವೇ ಪುಸ್ತಕ ತಿರುವಿ, “ಅಣ್ಣಾ, ಅಪ್ಪಾಜಿ ಲೆಕ್ಕದಲ್ಲಿ ನಿಮ್ಮದು 42 ರೂಪಾಯಿ ಬಾಕಿ ಇದೆ” ಅಂದ. ಮುಂದಿನ ಪುಟದಲ್ಲಿ ನೋಡಿ, “ಓಹೋ, ಎಣ್ಣೆ ಡಬ್ಬ ವಾಪಸ್ ಕೊಟ್ಟಿದ್ದೀರ, ನಾವೇ 18 ಕೊಡಬೇಕು” ಅಂತ ಎಣಿಸಿಕೊಟ್ಟ. ಎಂಬಿಎ ಓದಿರಲಿಲ್ಲ, ಪಾಪ.

ಹುಡುಗ ಹೊಸ ಕಾರ್ಡು ಕೊಟ್ಟ. ಸೊನ್ನೆಯಿಂದ ಶುರು. ಒಂದು ರೂಪಾಯಿ ಚಿಲ್ಲರೆ ಇಲ್ಲ ಅಂತ ಚಾಕೊಲೇಟ್ ಕೊಟ್ಟ. ಈ ಪದ್ಧತಿ ಮಾತ್ರ ಮೂರೂ ಮಾಲೀಕರ ಕಾಲದಲ್ಲಿ ಒಂದಿಷ್ಟೂ ಕೆಟ್ಟಿಲ್ಲ.

ನನ್ನ ಕೈಚೀಲ ಬಾಗಿಲಲ್ಲೇ ಇತ್ತು. ಬರುವಾಗ ಸೆಕ್ಯುರಿಟಿ ತಡೆದಿದ್ದರು. ಅದರ ಮೇಲೆ ಹಳೇ ಕಂಪನಿಯ ಹೆಸರಿದೆಯಂತೆ, ಒಳಗೆ ಕಾಣಬಾರದಂತೆ. ದುಡ್ಡು ಕೊಟ್ಟು ಕೊಂಡ ಚೀಲ ಸ್ವಾಮಿ ಅದು! ಹಾಗೆ ಹೇಳಿದ ಪುಣ್ಯಾತ್ಮರ ಬೆಲ್ಟಿನ ಬಕಲ್ ಮೇಲೂ ಅದೇ ಹೆಸರಿತ್ತು. ನಾನು ನೋಡಿದ್ದನ್ನು ನೋಡಿ ಅಂಗಿಯನ್ನು ಒಂದಿಷ್ಟು ಕೆಳಕ್ಕೆ ಎಳೆದುಕೊಂಡರು.

ಹೊರಡುವಾಗ ಚೀಲ ಕೊಟ್ಟು ಮೆಲ್ಲಗೆ ಹೇಳಿದರು: “ಇದನ್ನ ಬಿಸಾಕಬೇಡಿ ಸಾರ್, ಹಳೇ ಮಾಲು, ಗಟ್ಟಿ ಇದೆ. ಮುಂದಿನ ಓನರ್ ಬರೋವರೆಗೂ ಬರುತ್ತೆ.”