ಪಕ್ಕದ ಅಂಗಡಿಯಿಂದ ತರಿಸಿಕೊಡುವ ಪದ್ಧತಿ

ಧಾರವಾಡದ ಸುಭಾಸ ರಸ್ತೆಯಲ್ಲಿ ಬಟ್ಟೆ ಕೊಂಡವರಿಗೆ ಈ ಅನುಭವ ಆಗಿಯೇ ಇರುತ್ತದೆ. ನೀವು ಕೇಳಿದ ಬಣ್ಣದ ಖಣ ಅಂಗಡಿಯಲ್ಲಿ ಇಲ್ಲದಿದ್ದರೆ ಮಾಲೀಕರು ಇಲ್ಲವೆಂದು ಹೇಳಿ ಕಳಿಸುವುದಿಲ್ಲ. "ಕೂಡ್ರಿ ಅಕ್ಕಾರ, ಎರಡ ನಿಮಿಷ" ಎನ್ನುತ್ತಾರೆ. ಕೆಲಸದ ಹುಡುಗ ಹೊರಗೆ ಹೋಗಿ ಪಕ್ಕದ ಅಂಗಡಿಯಿಂದ ನಾಲ್ಕು ಖಣ ಹೆಗಲ ಮೇಲೆ ಹಾಕಿಕೊಂಡು ಬಂದು ನಿಮ್ಮ ಮುಂದೆ ಹರಡುತ್ತಾನೆ. ಗಿರಾಕಿ ಬರಿಗೈಯಲ್ಲಿ ಹೋಗುವುದಿಲ್ಲ, ಪಕ್ಕದವರ ಮಾಲು ಖರ್ಚಾಗುತ್ತದೆ, ನಾಳೆ ಆ ಅಂಗಡಿಯ ಹುಡುಗ ಈ ಅಂಗಡಿಗೆ ಬರುತ್ತಾನೆ. ಒಂದೇ ಓಣಿಯಲ್ಲಿ ಒಂದೇ ಬಗೆಯ ಇಪ್ಪತ್ತು ಅಂಗಡಿಗಳು ಬಾಳಿ ಬದುಕಿರುವುದಕ್ಕೆ ಈ ಪದ್ಧತಿಯೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ನಾನು ಕಸೂತಿ ಹಾಕುವವಳು. ಏಳು ವರ್ಷಗಳಿಂದ ಇನ್‌ಸ್ಟಾಗ್ರಾಂ ಮತ್ತು ವಾಟ್ಸ್‌ಆ್ಯಪ್ ಮೂಲಕ ಕುಪ್ಪಸದ ತೋಳು, ಸೀರೆಯ ಸೆರಗು, ಕೂಸಿನ ತಲೆ, ಬೆನ್ನು ಮುಚ್ಚುವ ಕುಂಚಿಗೆ ಮಾರುತ್ತಿದ್ದೇನೆ. ಮನೆಯಲ್ಲಿ ಕುಳಿತು ಕೈಕೆಲಸ ಮಾಡಿ ಆನ್‌ಲೈನ್‌ನಲ್ಲಿ ಮಾರುವ ನಮ್ಮಂಥವರು ಈಗ ಊರೂರಿಗೆ ಇದ್ದೇವೆ. ಆದರೆ ಆ ಓಣಿಯ ಪದ್ಧತಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಪ್ರತಿಯೊಬ್ಬರೂ ತಮ್ಮ ಪುಟದಲ್ಲಿ ಒಬ್ಬರೇ ಕುಳಿತು, ಒಬ್ಬರೇ ಫೋಟೋ ತೆಗೆದು, ಒಬ್ಬರೇ ಜಾಹೀರಾತಿಗೆ ದುಡ್ಡು ಸುರಿಯುತ್ತಿದ್ದೇವೆ. ನಾವು ಒಬ್ಬರ ಗಿರಾಕಿಯನ್ನು ಇನ್ನೊಬ್ಬರಿಗೆ ಪರಿಚಯಿಸುವುದನ್ನು ಕಲಿಯಬೇಕು ಎಂಬುದನ್ನು ಹೇಳಲೆಂದೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಒಟ್ಟಾಗಿ ಪ್ರಚಾರ ಎಂದಾಗ ಹೆಚ್ಚಿನವರಿಗೆ ಹೊಳೆಯುವುದು ಲೈಕ್ ಗುಂಪು. ನಾನೂ ಅಂಥದೊಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಂಟು ತಿಂಗಳು ಇದ್ದೆ. ದಿನವೂ ರಾತ್ರಿ ಎಂಟು ಗಂಟೆಗೆ ಎಲ್ಲರೂ ತಮ್ಮ ಪೋಸ್ಟಿನ ಕೊಂಡಿ ಹಾಕಬೇಕು, ಉಳಿದವರ ಪೋಸ್ಟುಗಳಿಗೆ ಲೈಕ್ ಒತ್ತಿ ಒಂದೊಂದು ಕಾಮೆಂಟು ಬರೆಯಬೇಕು ಎಂಬುದು ಅಲ್ಲಿನ ನಿಯಮ. ಊಟ ಮುಗಿಸಿ ಸೂಜಿ ಹಿಡಿಯಬೇಕಾದ ಹೊತ್ತಿನಲ್ಲಿ ನಾನು ಅರ್ಧ ತಾಸು ಬೇರೆಯವರ ಸಾಬೂನು, ಮೇಣದ ಬತ್ತಿ, ಕಿವಿಯೋಲೆಗಳಿಗೆ "ತುಂಬಾ ಚೆನ್ನಾಗಿದೆ" ಎಂದು ಬರೆಯುತ್ತಿದ್ದೆ. ಎಂಟು ತಿಂಗಳಲ್ಲಿ ಆ ದಾರಿಯಿಂದ ಒಬ್ಬ ಗಿರಾಕಿಯೂ ಬರಲಿಲ್ಲ. ಅಲ್ಲಿದ್ದವರೆಲ್ಲ ಮಾರುವವರೇ ಆಗಿದ್ದರು. ಕೊಳ್ಳುವವರು ಇಲ್ಲದ ಸಂತೆಯಲ್ಲಿ ನಾವು ಒಬ್ಬರ ಬುಟ್ಟಿಯನ್ನು ಇನ್ನೊಬ್ಬರು ಹೊಗಳುತ್ತಾ ಕುಳಿತಿದ್ದೆವು. ಐದು ಪುಟಗಳನ್ನು ಫಾಲೋ ಮಾಡಿದವರಿಗೆ ಉಚಿತ ಉಡುಗೊರೆ ಎಂಬ ಸ್ಪರ್ಧೆಯನ್ನೂ ಮಾಡಿ ನೋಡಿದೆವು. ಉಡುಗೊರೆಗೆಂದು ಬಂದವರು ಫಲಿತಾಂಶ ಬಂದ ವಾರದಲ್ಲೇ ಹೊರಟುಹೋದರು.

ನನ್ನ ಮಟ್ಟಿಗೆ ಕೆಲಸ ಮಾಡಿದ್ದು ತೊಟ್ಟಿಲ ಬುಟ್ಟಿ, ಅಂದರೆ ಕೂಸಿಗೆ ಹೆಸರಿಡುವ ದಿನ ಕೊಡುವ ಉಡುಗೊರೆಗಳ ಬುಟ್ಟಿ. ಮಗುವಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕುವ ದಿನ ಕುಂಚಿಗೆ ಕೊಡುವುದು ನಮ್ಮ ಕಡೆಯ ಪದ್ಧತಿ. ನನ್ನಲ್ಲಿ ಕುಂಚಿಗೆ ಕೊಂಡ ಹೆಣ್ಣುಮಗಳೊಬ್ಬರು ಒಮ್ಮೆ "ಇದರ ಜೋಡಿ ಹಾಸಾಕ ಒಂದ ಕೌದಿ ಸಿಗ್ತದೇನ್ರಿ?" ಎಂದು ಕೇಳಿದರು. ನಾನು ಕೌದಿ ಹೊಲಿಯುವುದಿಲ್ಲ. ಆದರೆ ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಗೆಳತಿಯೊಬ್ಬಳು ಹೊಲಿಯುತ್ತಾಳೆ. ಹಳೆಯ ಸೀರೆ, ಪಂಚೆಗಳ ತುಂಡುಗಳನ್ನು ಅಂಚಿನಿಂದ ಜೋಡಿಸುತ್ತಾ ನಡುವಿನತ್ತ ಬರುವುದು ಅವರ ಹೊಲಿಗೆಯ ಕ್ರಮ. ಕೊನೆಗೆ ನಾಲ್ಕೂ ಮೂಲೆಗಳಲ್ಲಿ ಮಡಚಿದ ಬಟ್ಟೆಯ ಹೂವು ಇಡುತ್ತಾರೆ. ಅದಕ್ಕೆ ಫೂಲ ಎಂದೇ ಹೆಸರು. ಆ ಹೂವು ಇಡದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಪೂರ್ತಿಯಾದಂತೆ ಅಲ್ಲ. ಸುಭಾಸ ರಸ್ತೆಯ ಹುಡುಗ ಮಾಡುವ ಕೆಲಸವನ್ನೇ ನಾನು ಅಂದು ಫೋನಿನಲ್ಲಿ ಮಾಡಿದೆ. ಗೆಳತಿಯಿಂದ ಮೂರು ಕೌದಿಗಳ ಫೋಟೋ ತರಿಸಿಕೊಂಡು ಅವರಿಗೆ ತೋರಿಸಿದೆ. ಅವರು ಒಂದನ್ನು ಆರಿಸಿಕೊಂಡರು.

ಅಲ್ಲಿಂದ ಮುಂದಿನದು ತಾನಾಗಿಯೇ ಬೆಳೆಯಿತು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಕುಟುಂಬವೊಂದರ ಪರಿಚಯವಿತ್ತು. ಅವರು ಆಲೆ ಮರದ ತುಂಡನ್ನು ಲೇತ್‌ನಲ್ಲಿ ತಿರುಗಿಸಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದು, ಒಣಗಿದ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಅವರ ಗಿಲಕಿ ಬುಟ್ಟಿಗೆ ಸೇರಿತು. ಕುಂಚಿಗೆ, ಕೌದಿ, ಗಿಲಕಿ ಎಂಬ ಮೂರು ವಸ್ತುಗಳು ಮೂರು ಊರುಗಳಿಂದ ಬಂದು ಒಂದೇ ಮಗುವಿನ ತೊಟ್ಟಿಲಿಗೆ ಹೋಗುತ್ತವೆ. ಕೊಳ್ಳುವವರಿಗೆ ಬೇಕಾಗಿದ್ದದ್ದು ಒಂದು ಶುಭಕಾರ್ಯಕ್ಕೆ ಒಪ್ಪುವ ಉಡುಗೊರೆ. ಅದನ್ನು ನಮ್ಮಲ್ಲಿ ಯಾರೂ ಒಬ್ಬರೇ ಕೊಡಲು ಆಗುತ್ತಿರಲಿಲ್ಲ.

ಇಂಥ ಜೋಡಣೆಗೆ ನಮ್ಮ ಹಬ್ಬ, ಕಾರ್ಯಗಳೇ ಬೇಕಾದಷ್ಟು ದಾರಿ ತೋರಿಸುತ್ತವೆ. ಗೌರಿ ಹಬ್ಬದ ಮೊರದ ಬಾಗಿನವನ್ನೇ ನೋಡಿ: ಮೊರ ಹೆಣೆಯುವವರು, ಬಳೆಯವರು, ಕುಂಕುಮದ ಭರಣಿ ಮಾಡುವವರು, ಗುಳೇದಗುಡ್ಡದ ಖಣ ಮಾರುವವರು ಎಲ್ಲರೂ ಅದರೊಳಗೆ ಮೊದಲಿನಿಂದಲೂ ಒಟ್ಟಿಗೇ ಇದ್ದಾರೆ. ದಸರಾ ಗೊಂಬೆ ಹಬ್ಬಕ್ಕೆ ಚನ್ನಪಟ್ಟಣದವರೂ ಕಿನ್ನಾಳದವರೂ ಸೇರಿ ಒಂದು ಸಾಲನ್ನು ಜೋಡಿಸಿಕೊಡಬಹುದು. ಕುಬಸಕ್ಕೆ, ಅಂದರೆ ಬಸುರಿಯ ಸೀಮಂತಕ್ಕೆ, ಹಸಿರು ಇಳಕಲ್ ಸೀರೆ, ಹಸಿರು ಬಳೆ, ಹೊಲಿದ ಕುಪ್ಪಸ ಒಟ್ಟಿಗೆ ಸಿಕ್ಕರೆ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ನಮ್ಮ ಅಕ್ಕ ತಂಗಿಯರಿಗೆ ಎಷ್ಟು ಅನುಕೂಲ! ಬೇರೆ ದೇಶದ ಹಬ್ಬದ ರಿಯಾಯಿತಿ ಮಾರಾಟಗಳನ್ನು ನೋಡಿ ದಿನಾಂಕ ಗೊತ್ತುಮಾಡುವ ಮೊದಲು ಗೋಡೆಯ ಪಂಚಾಂಗ ನೋಡೋಣ ಎಂದು ನಾನು ನಮ್ಮ ಹುಡುಗಿಯರಿಗೆ ಹೇಳುತ್ತಲೇ ಇರುತ್ತೇನೆ.

ಫೋಟೋದ ವಿಷಯಕ್ಕೆ ಬರುತ್ತೇನೆ. ನಾವು ಮೂವರೂ ಒಂದೊಂದು ವಸ್ತುವನ್ನು ಉಳಿದಿಬ್ಬರಿಗೆ ಕಳಿಸಿ ಅವರಲ್ಲೇ ಇಟ್ಟುಬಿಟ್ಟಿದ್ದೇವೆ. ನನ್ನ ಮನೆಯ ಕಿಟಕಿಯ ಪಕ್ಕದಲ್ಲಿ ಆ ಕೌದಿ ಸದಾ ಹಾಸಿರುತ್ತದೆ. ಹೊಸ ಕುಂಚಿಗೆ ಮುಗಿದಾಗ ಅದರ ಮೇಲಿಟ್ಟು, ಬೆಳಿಗ್ಗೆ ಒಂಬತ್ತರ ಬಿಸಿಲಿನಲ್ಲಿ ಚಿತ್ರ ತೆಗೆಯುತ್ತೇನೆ. ನೋಡಿದವರು ಕುಂಚಿಗೆಯ ಬೆಲೆಯ ಜೊತೆಗೆ "ಕೆಳಗಿನ ಕೌದಿ ಎಲ್ಲಿಯದು?" ಎಂದೂ ಕೇಳುತ್ತಾರೆ. ಇನ್‌ಸ್ಟಾಗ್ರಾಂ 2021ರಿಂದ ಕೊಲ್ಯಾಬ್ ಎಂಬ ಸೌಲಭ್ಯ ಕೊಟ್ಟಿದೆ. ಒಬ್ಬರು ಪೋಸ್ಟ್ ಹಾಕುವಾಗ ಇನ್ನೊಬ್ಬರನ್ನು ಆಹ್ವಾನಿಸಿ ಅವರು ಒಪ್ಪಿದರೆ ಅದೇ ಪೋಸ್ಟ್ ಇಬ್ಬರ ಪುಟದಲ್ಲೂ ಕಾಣುತ್ತದೆ, ಲೈಕು ಕಾಮೆಂಟುಗಳು ಇಬ್ಬರಿಗೂ ಸೇರಿ ಒಂದೇ ಆಗಿರುತ್ತವೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಹೀಗಿದ್ದರೂ ನಮ್ಮ ಕೈಕೆಲಸದವರಲ್ಲಿ ಇದನ್ನು ಬಳಸುವವರು ನನಗೆ ಕಂಡದ್ದು ಕಡಿಮೆ. ಇದರ ಜೊತೆಗೆ ನಾನು ಪ್ರತಿ ಪಾರ್ಸೆಲ್ಲಿನಲ್ಲಿ ಒಂದು ಚೀಟಿ ಇಡುತ್ತೇನೆ. ಅಚ್ಚು ಹಾಕಿಸಿದ ಕಾರ್ಡು ಬೇಡ, ಕೈಯಲ್ಲಿ ಬರೆದದ್ದೇ ಇರಲಿ: "ಈ ಕುಂಚಿಗೆಗೆ ಹೊಂದುವ ಕೌದಿಯನ್ನು ನನ್ನ ಗೆಳತಿ ಹೊಲಿಯುತ್ತಾಳೆ, ನನ್ನ ಮೊಮ್ಮಗ ಅದರ ಮೇಲೆಯೇ ಮಲಗುತ್ತಾನೆ" ಎಂದು ಬರೆದು ಅವಳ ಪುಟದ ಹೆಸರು ಕೊಡುತ್ತೇನೆ.

ಪರಿಚಯಿಸುವುದು ಎಂದರೆ ಜವಾಬ್ದಾರಿ ಹೊರುವುದು ಎಂಬ ಮಾತನ್ನೂ ಇಲ್ಲಿ ಹೇಳಬೇಕು. ಒಮ್ಮೆ ನನ್ನ ಶಿಫಾರಸಿನ ಮೇಲೆ ಕಲಬುರಗಿಯ ಗಿರಾಕಿಯೊಬ್ಬರು ಬೇರೊಬ್ಬರಿಂದ ಕುಬಸಕ್ಕೆಂದು ಹಸಿರು ಗಾಜಿನ ಬಳೆ ತರಿಸಿಕೊಂಡರು. ಡಬ್ಬಿ ಬಿಚ್ಚಿದಾಗ ಎರಡು ಡಜನ್ನಿನಲ್ಲಿ ಒಂಬತ್ತು ಬಳೆ ಒಡೆದಿದ್ದವು. ಕುಬಸದ ಮನೆಗೆ ಒಡೆದ ಬಳೆ ಬಂದರೆ ಮನೆಯವರಿಗೆ ಹೇಗೆ ಅನ್ನಿಸುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಮಾರಿದವರು ಕೊರಿಯರ್‌ನವರ ತಪ್ಪೆಂದು ಸುಮ್ಮನಾದರು. ಗಿರಾಕಿ ಫೋನು ಮಾಡಿದ್ದು ನನಗೆ. "ನಿಮ್ಮ ಮಾತ ನಂಬಿ ತರಿಸಿದ್ವಿರಿ ಅಕ್ಕಾರ" ಎಂದರು, ಅಷ್ಟೇ. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಇಲ್ಲಿಂದಲೇ ಬಳೆ ಕೊಂಡು, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ, ಕಲಬುರಗಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಕಳಿಸಿಕೊಟ್ಟೆ. ಅಂದಿನಿಂದ ನಮ್ಮ ಮೂವರಲ್ಲಿ ಒಂದು ಕರಾರಿದೆ. ಯಾರ ವಸ್ತುವನ್ನು ಹಣ ಕೊಟ್ಟು ಕೊಂಡು, ಕನಿಷ್ಠ ಎರಡು ತಿಂಗಳು ಬಳಸಿ ನೋಡಿಲ್ಲವೋ ಅವರನ್ನು ಶಿಫಾರಸು ಮಾಡುವುದಿಲ್ಲ. ಒಡೆದರೆ, ತಡವಾದರೆ ಮೊದಲು ಗಿರಾಕಿಗೆ ಸಮಾಧಾನ, ಆಮೇಲೆ ನಮ್ಮೊಳಗಿನ ಲೆಕ್ಕ.

ದುಡ್ಡಿನ ಲೆಕ್ಕವನ್ನೂ ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. 2025ರ ಜುಲೈನಲ್ಲಿ ಯುಪಿಐ ಜಮೆಯ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಬಂದಾಗ ಎಷ್ಟು ಜನ ಗಾಬರಿಯಾದರು ಎಂಬುದು ನಿಮಗೆ ನೆನಪಿರಬಹುದು. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ನಮ್ಮಲ್ಲಿ ಬಹುತೇಕರು ಆ ಗಡಿಯ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಐದು ಜನರ ದುಡ್ಡು ಒಬ್ಬಳ ಖಾತೆಗೆ ಬಂದು ಅಲ್ಲಿಂದ ಹಂಚಿಕೆಯಾದರೆ ನೋಡುವವರಿಗೆ ಅದೆಲ್ಲ ಆ ಒಬ್ಬಳ ವಹಿವಾಟಿನಂತೆಯೇ ಕಾಣುತ್ತದೆ. ಆದ್ದರಿಂದ ನಾವು ಬುಟ್ಟಿಯ ಬೆಲೆಯನ್ನು ಮೂರು ಭಾಗ ಮಾಡಿ ತಿಳಿಸುತ್ತೇವೆ, ಗಿರಾಕಿ ಮೂವರಿಗೂ ಬೇರೆ ಬೇರೆ ಹಣ ಹಾಕುತ್ತಾರೆ, ಮೂರೂ ರಸೀದಿಗಳು ಬೇರೆ ಇರುತ್ತವೆ. ಸ್ವಲ್ಪ ತಾಪತ್ರಯವೇ ಸರಿ. ಆದರೂ ಯಾರ ಮನಸ್ಸಿನಲ್ಲೂ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

ಕೈಕೆಲಸ ಮಾರುವವರು ಹೀಗೆ ಜೊತೆಗೂಡುವುದು ಹೊಸದೇನಲ್ಲ. ಅಮೆರಿಕದಲ್ಲಿ 2005ರಲ್ಲಿ ಶುರುವಾದ ಎಟ್ಸಿ ತಾಣದ ಮಾರಾಟಗಾರರು ಊರಿನ ಹೆಸರಲ್ಲಿ, ಕಸುಬಿನ ಹೆಸರಲ್ಲಿ ತಂಡ ಕಟ್ಟಿಕೊಂಡು ಪರಸ್ಪರ ಪ್ರಚಾರ ಮಾಡಿಕೊಳ್ಳುತ್ತಾ ಬಂದವರು. 2022ರಲ್ಲಿ ಆ ತಾಣ ತನ್ನ ಮಾರಾಟ ಶುಲ್ಕವನ್ನು ಶೇಕಡ 5ರಿಂದ 6.5ಕ್ಕೆ ಏರಿಸಿದಾಗ ಸಾವಿರಾರು ಜನ ಏಪ್ರಿಲ್‌ನಲ್ಲಿ ಒಂದು ವಾರ ತಮ್ಮ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ತಾಣ ಬೇರೆಯವರದ್ದು, ಅದರ ನಿಯಮ ಯಾವಾಗ ಬೇಕಾದರೂ ಬದಲಾಗಬಹುದು. ನಮ್ಮ ನಮ್ಮಲ್ಲಿನ ಪರಿಚಯ ಮಾತ್ರ ನಮ್ಮ ಕೈಯಲ್ಲೇ ಇರುತ್ತದೆ.

ಇಷ್ಟು ಹೊತ್ತು ಬೇರೆ ಬೇರೆ ಕಸುಬಿನವರು ಸೇರುವ ಮಾತಾಯಿತು. ಒಂದೇ ಕಸುಬಿನವರು ಸೇರುವುದು ಇದಕ್ಕಿಂತ ಕಷ್ಟ, ಇದಕ್ಕಿಂತ ಅಗತ್ಯ. "ಅವಳು ಕಸೂತಿ ಹಾಕುತ್ತಾಳೆ, ನಾನೇಕೆ ಅವಳ ಹೆಸರು ಹೇಳಲಿ?" ಎನ್ನುವವರು ಇದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಗಿರಾಕಿಯನ್ನು ಒಯ್ಯುತ್ತಿರುವುದು ಇನ್ನೊಬ್ಬ ಕಸೂತಿಯವಳಲ್ಲ. ಕಸೂತಿ ಎಂಬ ಹೆಸರಿನಲ್ಲಿ ಬರುತ್ತಿರುವ ಕಂಪ್ಯೂಟರ್ ಎಂಬ್ರಾಯ್ಡರಿ. ಮೇಲಿನಿಂದ ನೋಡಿದರೆ ಅದೇ ತೇರು, ಅದೇ ಗೋಪುರ, ಅದೇ ತುಳಸಿ ಬೃಂದಾವನ. ಬೆಲೆ ಮಾತ್ರ ನಮ್ಮದರ ಕಾಲು ಭಾಗ. ಫೋಟೋ ನೋಡಿ ಕೊಳ್ಳುವವರಿಗೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

ಬಟ್ಟೆಯನ್ನು ತಿರುವಿ ಹಾಕಿದರೆ ತಿಳಿಯುತ್ತದೆ. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಒಂದಾದ ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆಯಂತೆ ಮುಂದೆ ಹೋಗುತ್ತದೆ, ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತಾ ಹೊರಟಲ್ಲಿಗೇ ವಾಪಸು ಬರುತ್ತದೆ. ಮುರ್ಗಿ ಎಂಬ ಇನ್ನೊಂದು ಹೊಲಿಗೆಯಲ್ಲಿ ಅದೇ ನಡಿಗೆ ಮೆಟ್ಟಿಲು ಹತ್ತಿದಂತೆ ಸಾಗುತ್ತದೆ. ಎರಡರಲ್ಲೂ ಗಂಟು ಹಾಕುವ ಹಾಗಿಲ್ಲ; ಎಳೆಯ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಆದ್ದರಿಂದ ಒಳ್ಳೆಯ ಕೈಯ ಗವಂತಿ, ಮುರ್ಗಿಗಳು ಮೇಲೆ ಹೇಗೋ ಹಿಂದೆಯೂ ಹಾಗೆಯೇ ಕಾಣುತ್ತವೆ. ನೇಯ್ಗೆ ಮತ್ತು ಮೆಂತೆ ಹೊಲಿಗೆಗಳ ಹಿಂಬದಿ ಬೇರೆಯಾಗಿ ಕಂಡರೂ ಎಳೆ ಎಣಿಸಿದ ಅಚ್ಚುಕಟ್ಟು ಅಲ್ಲೂ ಇರುತ್ತದೆ. ಕಂಪ್ಯೂಟರಿನ ಕೆಲಸವನ್ನು ತಿರುವಿ ನೋಡಿದರೆ ಬಾಬಿನ್ನಿನ ಬಿಳಿ ದಾರ, ಅದರ ಹಿಂದೆ ಆಧಾರಕ್ಕೆ ಇಟ್ಟ ಗಟ್ಟಿಯಾದ ಪೇಸ್ಟಿಂಗ್ ಪದರ ಇರುತ್ತವೆ.

ಇದನ್ನು ನಾನೊಬ್ಬಳು ಬರೆದರೆ ನನ್ನ ಗಿರಾಕಿಗಳಷ್ಟೇ ಓದುತ್ತಾರೆ. ಧಾರವಾಡ, ಹುಬ್ಬಳ್ಳಿ, ಬೆಂಗಳೂರಿನಲ್ಲಿರುವ ಕಸೂತಿಯವರೆಲ್ಲ ಒಂದೇ ದಿನ, ಒಂದೇ ಹೊತ್ತಿಗೆ ತಮ್ಮ ಕೆಲಸದ ಹಿಂಬದಿಯ ಚಿತ್ರವನ್ನು ಮಾತ್ರ ಹಾಕಿದರೆ, ಪ್ರತಿಯೊಬ್ಬರೂ ಕೆಳಗೆ ಇನ್ನಿಬ್ಬರು ಕಸೂತಿಯವರ ಪುಟದ ಹೆಸರು ಬರೆದರೆ, ಆ ದಿನ ಸೀರೆ ಕೊಳ್ಳುವ ಸಾವಿರಾರು ಹೆಣ್ಣುಮಕ್ಕಳು ಇನ್ನು ಮುಂದೆ ಹಿಂಬದಿಯ ಫೋಟೋ ಕೇಳುವುದನ್ನು ಕಲಿಯುತ್ತಾರೆ. ಆಮೇಲೆ ಅವರು ನನ್ನಲ್ಲಿ ಕೊಳ್ಳಲಿ, ನಿಮ್ಮಲ್ಲಿ ಕೊಳ್ಳಲಿ, ಕೊಂಡದ್ದು ಕೈಯ ಕಸೂತಿಯೇ ಆಗಿರುತ್ತದೆ. ಗುಳೇದಗುಡ್ಡದ ಖಣದವರು, ನವಲಗುಂದದ ಜಮಖಾನೆಯವರು, ಸಂಡೂರಿನ ಲಂಬಾಣಿ ಕಸೂತಿಯವರು ತಮ್ಮ ತಮ್ಮ ಕೆಲಸಕ್ಕೆ ತಕ್ಕ ಹಾಗೆ ಇಂಥದ್ದೇ ಒಂದು ಗುರುತು ಹುಡುಕಿಕೊಳ್ಳಬಹುದು.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹಾಕೋಣ ಎಂದು ನಾವು ಆರು ಜನ ಮಾತಾಡಿಕೊಂಡಿದ್ದೇವೆ. ಇದನ್ನು ಓದುತ್ತಿರುವ ಕಸೂತಿಯವರು ಸೇರಿಕೊಳ್ಳಿ. ನಿಮ್ಮಲ್ಲಿ ಪುಟ ಇಲ್ಲದಿದ್ದರೆ, ಅಥವಾ ನಿಮ್ಮ ತಾಯಿಯೋ ಅಜ್ಜಿಯೋ ಹಾಕಿದ ಹಳೆಯ ಸೆರಗು ಪೆಟ್ಟಿಗೆಯಲ್ಲಿದ್ದರೆ, ಅದರ ಹಿಂಬದಿಯ ಚಿತ್ರ ತೆಗೆದು ನನಗೆ ಮೆಸೇಜ್ ಮಾಡಿ; ನನ್ನ ಪುಟದಲ್ಲಿ ಹಾಕುತ್ತೇನೆ. ನೆರಳಿನಲ್ಲಿ ತೆಗೆಯಬೇಡಿ, ಎಳೆಗಳು ಕಾಣುವಷ್ಟು ಹತ್ತಿರದಿಂದ ತೆಗೆಯಿರಿ, ಹೊಲಿದವರ ಹೆಸರು, ಊರು ಮತ್ತು ಯಾವ ಹೊಲಿಗೆ ಎಂಬುದನ್ನು ತಪ್ಪದೆ ಬರೆಯಿರಿ.