ಸೆರಗು ಸರಿ ಮಾಡೋಕೆ ನಿಮ್ಮ ಕೈ ಯಾಕೆ ಬೇಕು ಸ್ವಾಮಿ?

ಬಾಯಿ ಇದೆಯಲ್ಲ. "ಸೆರಗು ಒಂದಿಂಚು ಮೇಲೆ" ಅಂದರೆ ಸಾಕು, ನನಗೆ ಅರ್ಥ ಆಗುತ್ತೆ. ಪಕ್ಕದಲ್ಲೇ ಸ್ಟೈಲಿಸ್ಟ್ ನಿಂತಿರುತ್ತಾಳೆ, ಅವಳ ಸೊಂಟದ ಚೀಲದಲ್ಲಿ ಪಿನ್ನು ತುಂಬಿರುತ್ತೆ, ಅವಳಿಗೆ ದುಡ್ಡು ಕೊಡೋದೇ ಅದಕ್ಕೆ. ಆದರೂ ಕೆಲವು ಫೋಟೋಗ್ರಾಫರ್ ಮಹಾಶಯರು ಕ್ಯಾಮೆರಾ ಕೆಳಗಿಟ್ಟು, ಅಲ್ಲಿಂದ ನಡೆದು ಬಂದು, ಒಂದು ಮಾತೂ ಕೇಳದೆ ಭುಜದ ಮೇಲೆ ಕೈ ಹಾಕುತ್ತಾರೆ. ಹಿಂದೆ ಸರಿದರೆ "ರಿಲ್ಯಾಕ್ಸ್ ಮಾ, ನಾನು ಪ್ರೊಫೆಷನಲ್" ಅನ್ನೋ ಉಪದೇಶ ಬೇರೆ.

ನಾನು ರ‍್ಯಾಂಪ್ ಮೇಲೆ ನಡೆಯೋ ಮಾಡೆಲ್ ಅಲ್ಲ. ಚಿಕ್ಕಪೇಟೆ ಸಗಟು ಅಂಗಡಿಗಳ ಸೀರೆ ಕ್ಯಾಟಲಾಗ್, ಆನ್‌ಲೈನ್‌ನಲ್ಲಿ ಮಾರೋ ಕುರ್ತಾ, ವರಮಹಾಲಕ್ಷ್ಮಿ ಹಬ್ಬಕ್ಕೆ ಒಡವೆ ಅಂಗಡಿಯವರು ಹಾಕೋ ಜಾಹೀರಾತು, ಇಂಥವು ನನ್ನ ಕೆಲಸ. ಒಂದೇ ದಿನಕ್ಕೆ ಮೂವತ್ತು, ನಲವತ್ತು ಸೀರೆ. ಒಂದೊಂದಕ್ಕೂ ಮುಂದೆ, ಹಿಂದೆ, ಪಕ್ಕ, ಸೆರಗು ಹರಡಿ ಒಂದು, ಬಾರ್ಡರ್ ಹತ್ತಿರದಿಂದ ಒಂದು. ಬ್ಲೌಸ್ ನಮ್ಮ ಅಳತೆಗೆ ಹೊಲಿದಿರೋದಿಲ್ಲ, ಬೆನ್ನ ಹಿಂದೆ ಸಾಲಾಗಿ ಕ್ಲಿಪ್ ಹಾಕಿ ಬಿಗಿ ಮಾಡಿರುತ್ತಾರೆ. ಮುಂದಿನಿಂದ ಮಹಾರಾಣಿ, ಹಿಂದಿನಿಂದ ಬಟ್ಟೆ ಒಣಹಾಕಿದ ಹಗ್ಗ. ಈ ಅವತಾರದಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ನಗುತ್ತಾ ನಿಲ್ಲಬೇಕು. ಸಾಲದ್ದಕ್ಕೆ ಕ್ಯಾಮೆರಾ ಹಿಂದೆ ಇರೋ ಮನುಷ್ಯ ಎಂಥವನು ಅಂತ ಬೇರೆ ಪ್ರತಿ ಸಲ ತೂಗಿ ನೋಡಬೇಕಾ?

ನೋಡಲೇಬೇಕು. ಹೊಸ ಗಂಡಸು ಫೋಟೋಗ್ರಾಫರ್ ಅಂದರೆ ನನ್ನ ಕೆಲಸ ಎರಡು ದಿನ ಮುಂಚೆಯೇ ಶುರು. ಅವನ ಇನ್‌ಸ್ಟಾಗ್ರಾಂ ಕೆಳತನಕ ಇಳಿದು ನೋಡುವುದು, ಅವನ ಜೊತೆ ಕೆಲಸ ಮಾಡಿದ ಹುಡುಗಿಯರಿಗೆ "ಇವರು ಹೇಗೆ?" ಅಂತ ಮೆಸೇಜ್ ಮಾಡುವುದು, ಸ್ಟುಡಿಯೋ ಲೊಕೇಶನ್ ತಮ್ಮನಿಗೆ ಕಳಿಸುವುದು. ಆ ಹುಡುಗಿಯರೂ ಪಾಪ, "ಕೆಲಸ ಚೆನ್ನಾಗಿ ಮಾಡ್ತಾರೆ, ಆದ್ರೆ ಒಬ್ಬಳೇ ಹೋಗ್ಬೇಡ" ಅಂತ ಒಂದೇ ಸಾಲು ಬರೆಯುತ್ತಾರೆ. ಆ 'ಆದ್ರೆ' ಸಾಕು, ಉಳಿದಿದ್ದು ನಾನೇ ಓದಿಕೊಳ್ಳುತ್ತೇನೆ. ತಮ್ಮನನ್ನು ಕರ್ಕೊಂಡು ಬರ್ತೀನಿ ಅಂದರೆ ಆ ಕಡೆಯಿಂದ ತಕ್ಷಣ ಉತ್ತರ: "ಜೊತೆಗೆ ಯಾರಾದ್ರೂ ಇದ್ರೆ ನಿಮಗೇ ಕಾನ್ಫಿಡೆನ್ಸ್ ಬರಲ್ಲ." ನನ್ನ ಕಾನ್ಫಿಡೆನ್ಸ್ ಬಗ್ಗೆ ನಿಮಗೆ ಇಷ್ಟು ಕಾಳಜಿ ಯಾಕಪ್ಪಾ?

ಇನ್ನು "ಹಾಯ್ ಡಿಯರ್, ಕೊಲಾಬ್ ಮಾಡೋಣ್ವಾ" ಗಿರಾಕಿಗಳು. ದುಡ್ಡಿಲ್ಲ, ಪೋರ್ಟ್‌ಫೋಲಿಯೋಗೆ ಫೋಟೋ ಕೊಡ್ತೀನಿ, ಕಾನ್ಸೆಪ್ಟ್ ಸ್ವಲ್ಪ ಬೋಲ್ಡ್. ಇವರ ತಲೆಗೆ ಬರೋ ಕಾನ್ಸೆಪ್ಟ್ ಎಲ್ಲ ಒದ್ದೆ ಸೀರೆಯಲ್ಲೇ ಯಾಕೆ ನಿಲ್ಲುತ್ತೋ ನನಗಂತೂ ಗೊತ್ತಿಲ್ಲ. ಹೆಣ್ಣುಮಕ್ಕಳಿಂದ ಇಂಥ ಮೆಸೇಜ್ ನನಗೆ ಇದುವರೆಗೆ ಬಂದಿಲ್ಲ.

ಲೇಡಿ ಫೋಟೋಗ್ರಾಫರ್ ಇದ್ದ ದಿನ ಸೆಟ್ಟಿನ ಗಾಳಿಯೇ ಬೇರೆ, ಅದು ನಿಜ. ಒಂದು ಉದಾಹರಣೆ ಹೇಳಲೇಬೇಕು. ತೆಳು ಕಾಟನ್ ಕುರ್ತಾ ಶೂಟ್, ಹಿಂದೆ ಒಂದು ಜೋರು ಲೈಟು. ಹಿಂದಿನಿಂದ ಬೆಳಕು ಬಿದ್ದರೆ ತೆಳು ಬಟ್ಟೆ ಬಟ್ಟೆಯಾಗಿ ಉಳಿಯಲ್ಲ, ಒಳಗಿನ ಮೈಯೆಲ್ಲ ನೆರಳಾಗಿ ಕಾಣುತ್ತೆ. ನಿಂತಿರೋ ನನಗೆ ಅದು ಗೊತ್ತಾಗಲ್ಲ, ಕ್ಯಾಮೆರಾದವರಿಗೆ ಮಾತ್ರ ಗೊತ್ತು. ಆವತ್ತು ಇದ್ದ ಹುಡುಗಿ ಮೊದಲ ಫ್ರೇಮ್ ತೆಗೆದವಳೇ ನಿಲ್ಲಿಸಿದಳು. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ "ಅಕ್ಕಾ, ನೋಡಿ, ಕಾಣಿಸ್ತಿದೆ. ಲೈಟ್ ಪಕ್ಕಕ್ಕೆ ತಗೋತೀನಿ, ನೀವು ಒಳಗೊಂದು ಶಮೀಜ್ ಹಾಕ್ಕೊಳ್ಳಿ" ಅಂದಳು. ಐದು ನಿಮಿಷದ ಕೆಲಸ. ಇದೇ ಥರ ಇನ್ನೊಂದು ಶೂಟ್‌ನಲ್ಲಿ ಒಬ್ಬ ಮಹಾನುಭಾವ ಇಡೀ ಬೆಳಗ್ಗೆ ಏನೂ ಹೇಳದೆ ಕ್ಲಿಕ್ ಮಾಡಿದ್ದ. ಮಧ್ಯಾಹ್ನ ಸ್ಕ್ರೀನ್ ನೋಡಿದ ಮೇಕಪ್ ಅಕ್ಕ ಬಂದು ನನ್ನ ಕಿವಿಯಲ್ಲಿ ಹೇಳಿದರು. ಅವನನ್ನು ಕೇಳಿದರೆ "ಅದೇ ಅಲ್ವಾ ಬ್ಯೂಟಿ? ಎಡಿಟ್‌ನಲ್ಲಿ ನೋಡ್ಕೋತೀನಿ ಬಿಡಿ." ಎಡಿಟ್ ಮಾಡೋದು ಸರಿ, ಎಡಿಟ್ ಮಾಡದ ಫೈಲುಗಳು ಯಾರ ಹಾರ್ಡ್ ಡಿಸ್ಕ್‌ನಲ್ಲಿ ಕೂತಿರುತ್ತವೆ?

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ಇದನ್ನೆಲ್ಲ ಹೇಳಿದರೆ ಎಲ್ಲರದ್ದೂ ಒಂದೇ ಮಾತು. "ಹೆಣ್ಣುಮಕ್ಕಳಲ್ವಾ, ಅವರಿಗೆ ಅರ್ಥ ಆಗುತ್ತೆ." ಅಲ್ಲ ಕಣ್ರೀ. ಲೈಟು ಬದಲಾಯಿಸೋದು ಹೆಣ್ಣುಬುದ್ಧಿ ಅಲ್ಲ, ಕೆಲಸ. ಕೇಳಿ ಮುಟ್ಟೋದು ಕೆಲಸ. ಮುಂದಿನ ಶಾಟ್ ಏನು ಅಂತ ಮೊದಲೇ ಹೇಳೋದು ಕೆಲಸ. ಹತ್ತಿರ ಬರದಿದ್ದರೆ ಒಡವೆ ಕಾಣಲ್ಲ ಅಂತಾರೆ. ಸುಳ್ಳು. 100 ಎಂಎಂ ಮ್ಯಾಕ್ರೋ ಲೆನ್ಸ್ ಹಾಕಿ ಸ್ವಲ್ಪ ದೂರದಲ್ಲೇ ನಿಂತು ಜುಮ್ಕಿಯ ಹರಳು ಎಣಿಸಬಹುದು. ನನ್ನ ಕತ್ತಿನ ಹತ್ತಿರ ನಿಮ್ಮ ಉಸಿರು ಬರಬೇಕಾಗಿಲ್ಲ.

ನನಗೆ ಗೊತ್ತಿರೋ ಒಬ್ಬರು ದಾವಣಗೆರೆ ಕಡೆಯವರು. ಪಾಸ್‌ಪೋರ್ಟ್ ಸೈಜ್ ಫೋಟೋ, ಮದುವೆ ಆಲ್ಬಂ ಮಾಡಿಕೊಂಡು ಬಂದ ಹಳೇ ಕಾಲದ ಸ್ಟುಡಿಯೋ ಮನುಷ್ಯ. ಸೆರಗು ಹೇಗೆ ಹಿಡೀಬೇಕು ಅಂತ ತೋರಿಸಬೇಕಾದರೆ ಅಲ್ಲೇ ಮಡಚಿಟ್ಟ ಸೀರೆಯೊಂದನ್ನು ತಮ್ಮ ಹೆಗಲಿಗೇ ಹಾಕಿಕೊಂಡು, ಸೊಂಟ ಒಂದು ಪಕ್ಕಕ್ಕೆ ಮಾಡಿ ನಿಲ್ಲುತ್ತಾರೆ. ಮೀಸೆ ಬೇರೆ. ಇಡೀ ಸೆಟ್ಟು ಬಿದ್ದು ಬಿದ್ದು ನಗುತ್ತೆ, ನನಗೆ ಪೋಸು ಬಂದುಬಿಡುತ್ತೆ. ಅವರ ಬೆರಳು ನನ್ನ ಮೈಗೆ ತಾಕಿದ್ದಿಲ್ಲ. ಅವರಿಗೆ ಬರೋದು ಉಳಿದ ಗಂಡಸರಿಗೆ ಬರಲ್ಲ ಅಂತ ಅಲ್ಲ, ಅವರಿಗೆ ಬೇಕಾಗಿಲ್ಲ ಅಷ್ಟೇ.

ಹಾಗಂತ ಲೇಡಿ ಫೋಟೋಗ್ರಾಫರ್‌ಗಳೆಲ್ಲ ದೇವತೆಗಳಲ್ಲ. "ತೋಳು ದಪ್ಪ ಆಗಿದೆ, ಅನ್ನ ಬಿಟ್ಬಿಡಿ" ಅಂತ ಕ್ಲೈಂಟ್ ಮುಂದೆಯೇ ಅಂದವಳು ಹೆಣ್ಣೇ. ಬಣ್ಣ ಸ್ವಲ್ಪ ಕಮ್ಮಿ ಅಂತ ಫೌಂಡೇಶನ್ ಎರಡು ಶೇಡ್ ತಿಳಿ ಮಾಡಿಸಿದವಳೂ ಹೆಣ್ಣೇ.

ಆದರೆ ಚೆನ್ನಾಗಿ ಕೆಲಸ ಮಾಡೋ ಹೆಣ್ಣುಮಕ್ಕಳಿಗೆ ಸಿಗೋದು ಏನು? ಒಂದು ಒಡವೆ ಶೂಟ್‌ಗೆ ಅಂಗಡಿ ಯಜಮಾನರು ಬಂದರು. ಆ ಹುಡುಗಿ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಾಳೆ. ಯಜಮಾನರು ಅವಳನ್ನು ದಾಟಿ ಬಂದು, ಲೈಟ್ ಸ್ಟ್ಯಾಂಡ್ ಹಿಡಿದಿದ್ದ ಅಸಿಸ್ಟೆಂಟ್ ಹುಡುಗನಿಗೆ ಕೈಕುಲುಕಿ "ಶುರು ಮಾಡೋಣ್ವಾ ಸಾರ್?" ಅಂದರು. ಆ ಹುಡುಗನಿಗೆ ಮೀಸೆಯೂ ಸರಿಯಾಗಿ ಬಂದಿಲ್ಲ, ಮುಖ ಕೆಂಪಾಗಿ "ಮೇಡಂ ಅವರೇ ಸಾರ್ ಫೋಟೋಗ್ರಾಫರ್" ಅಂದ. "ಓಹೋ" ಅಂದರು ಯಜಮಾನರು. ದಿನವಿಡೀ ಅವಳ ಪ್ರತಿ ಫ್ರೇಮಿಗೂ ಒಂದು ಸಲಹೆ. ಕೊನೆಗೆ ಬಿಲ್ಲಿನಲ್ಲಿ ಚೌಕಾಸಿ: "ಲೇಡೀಸ್ ಅಂತ ಕರೆದಿದ್ದು, ರೇಟ್ ಅಡ್ಜಸ್ಟ್ ಆಗುತ್ತೆ ಅಂತ." ನನ್ನ ಕಿವಿಯಾರೆ ಕೇಳಿದ್ದು.

ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರವಾಲಾ ಅವರ ಶುರುವಿನ ಫೋಟೋಗಳು ಗಂಡನ ಹೆಸರಲ್ಲಿ ಅಚ್ಚಾಗುತ್ತಿದ್ದವು. ಅದು 1930ರ ದಶಕದ ಮಾತು. ಅವರಿಗೆ ಪದ್ಮವಿಭೂಷಣ ಕೊಟ್ಟಿದ್ದು 2011ರಲ್ಲಿ, ಆಗ ಅವರಿಗೆ 97 ವಯಸ್ಸು. ನಮ್ಮ ಯಜಮಾನರು ಇನ್ನೂ ಲೈಟ್ ಹುಡುಗನಿಗೆ ಸಾರ್ ಅಂತಿದ್ದಾರೆ.

ಕಾನೂನು ಇದೆ ಅಂತ ಕಾಮೆಂಟ್ ಹಾಕೋರು ಬರುತ್ತಾರೆ, ಗೊತ್ತು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗೋ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ದಿನಗೂಲಿ, ತಾತ್ಕಾಲಿಕ ಕೆಲಸದವರಿಗೂ ಅನ್ವಯಿಸುತ್ತೆ. ಹತ್ತು ಜನ ಇರೋ ಕಡೆ ಆಂತರಿಕ ಸಮಿತಿ ಇರಲೇಬೇಕು, ಇಲ್ಲದ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ಕಾಗದದ ಮೇಲೆ ಚೆನ್ನಾಗಿದೆ. ನಮ್ಮ ಸ್ಟುಡಿಯೋ ಅಂದರೆ ಬೇಸ್‌ಮೆಂಟ್‌ನಲ್ಲಿ ನಾಲ್ಕು ಜನ, ಅದರಲ್ಲಿ ಇಬ್ಬರು ಅವತ್ತಿನ ಮಟ್ಟಿಗೆ ಬಂದವರು. ಒಂದು ದೂರು ಕೊಟ್ಟರೆ, ಶೂಟ್‌ಗೆ ಮಾಡೆಲ್‌ಗಳನ್ನು ಗೊತ್ತು ಮಾಡೋ ಕೋಆರ್ಡಿನೇಟರ್‌ಗಳ ವಾಟ್ಸಾಪ್ ಗ್ರೂಪ್‌ನಲ್ಲಿ "ಆ ಹುಡುಗಿ ಕಿರಿಕ್ ಜಾಸ್ತಿ" ಅಂತ ಸಂಜೆಯೊಳಗೆ ಸುದ್ದಿ. ಆಮೇಲೆ ಹಬ್ಬದ ಸೀಸನ್‌ನಲ್ಲೂ ಫೋನ್ ಬಡಿದುಕೊಳ್ಳಲ್ಲ. ಬಾಡಿಗೆ ಯಾರು ಕಟ್ಟುತ್ತಾರೆ, ಸಮಿತಿಯವರಾ?

ಅದಕ್ಕೇ ಈಗ ಶೂಟ್‌ಗೆ ಮುಂಚೆಯೇ ಬರೆದು ಕಳಿಸುತ್ತೇನೆ. ಬಟ್ಟೆ ಬದಲಾಯಿಸೋ ಕೋಣೆಗೆ ಒಳಗಿನಿಂದ ಚಿಲಕ ಇರಬೇಕು, ಪರದೆ ನಡೆಯಲ್ಲ. ಸೀರೆ ಮುಟ್ಟೋದು ಸ್ಟೈಲಿಸ್ಟ್ ಮಾತ್ರ. ಸ್ಕ್ರೀನ್ ನನಗೂ ಕಾಣಬೇಕು. ಬೇಡ ಅಂದ ಫ್ರೇಮ್ ಅಲ್ಲೇ ಡಿಲೀಟ್ ಆಗಬೇಕು. ಜೊತೆಗೆ ಒಬ್ಬರು ಬರುತ್ತಾರೆ, ಮೂಲೆಯಲ್ಲಿ ಕೂರುತ್ತಾರೆ, ಅವರಿಗೂ ಊಟ. ರಾತ್ರಿ ಎಂಟಾದ ಮೇಲೆ ಕ್ಯಾಬ್.

ಮುಂದಿನ ವಾರದ ಶೂಟ್‌ಗೂ ಇದನ್ನೇ ಕಳಿಸಿದ್ದೆ. ಇವತ್ತು ಬೆಳಗ್ಗೆ ಕೋಆರ್ಡಿನೇಟರ್ ಉತ್ತರ ಬಂತು, ಕೈಮುಗಿಯೋ ಎಮೋಜಿ ಸಮೇತ: "ಮೇಡಂ, ಇಷ್ಟೆಲ್ಲಾ ಯಾಕೆ? ಈ ಸಲ ಫೋಟೋಗ್ರಾಫರ್ ಲೇಡಿನೇ."