ಎಲ್ಲಕ್ಕೂ ಒಂದೇ ಪೀಂ

ಇವತ್ತು ಬೆಳಿಗ್ಗೆ ಗಂಗೊಳ್ಳಿ ಅಳಿವೆ ದಾಟುವಾಗಲೇ ದೋಣಿಯ ಹಿಂದೆ ಕಟ್ಟಿದ ಔಟ್‌ಬೋರ್ಡ್ ಎಂಜಿನ್ನಿನ ಅಲಾರಂ ಮತ್ತೆ ಕೂಗಿತು. ಆಯಿಲ್ ಕಡಿಮೆಯಾದರೂ ಅದೇ ಪೀಂ, ಎಂಜಿನ್ ಬಿಸಿಯಾದರೂ ಅದೇ ಪೀಂ. ಯಾವುದು ಅಂತ ಹೇಗೆ ತಿಳಿಯಬೇಕು? ಎಂಜಿನ್ ತಂಪು ಮಾಡಿ ಹೊರಬರುವ ನೀರಿನ ಧಾರೆ ಸರಿಯಾಗಿಯೇ ಬೀಳುತ್ತಿತ್ತು. ಟ್ಯಾಂಕಿನಲ್ಲಿ ಆಯಿಲ್ ತುಂಬಿತ್ತು. ಆದರೂ ಆಫ್ ಮಾಡಲೇಬೇಕು. ಟು ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಹೋಗದಿದ್ದರೆ ಪಿಸ್ಟನ್ ಹಿಡಿದುಕೊಳ್ಳಲು ಜಾಸ್ತಿ ಹೊತ್ತು ಬೇಡ. ಆಫ್ ಮಾಡಿದರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ!

ಹುಟ್ಟು ಹಾಕಿ ದಡಕ್ಕೆ ಬಂದು ಬಿಚ್ಚಿ ನೋಡಿದರೆ, ಆಯಿಲ್ ಸೆನ್ಸರ್ ವಯರಿನ ತುದಿಯಲ್ಲಿ ಹಸಿರು ಕಿಲುಬು. ಉಪ್ಪುನೀರಿನಲ್ಲೇ ಓಡುವ ಎಂಜಿನ್‌ಗೆ ಇಂಥ ಕನೆಕ್ಟರ್ ಹಾಕೋದಾ? ಮೆಕ್ಯಾನಿಕ್ ಹೇಳೋದು, ಸುಮ್ನೆ ಅಲಾರಂ ವಯರ್ ಕಿತ್ತುಬಿಡಿ ಅಂತ. ಕಿತ್ತರೆ ನಿಜವಾಗಿ ಬಿಸಿಯಾದ ದಿನ ಎಚ್ಚರಿಸೋರು ಯಾರು?